ಉಡಿಯ ಪದ್ಯ ಓದಿದ ಬೇಸಿಗೆ

ಹೋದ ವಾರ ವೀರೇಶನ ಬೈಕಿನ ಹಿಂದೆ ಕೂತು ತಿಕೋಟಾಕ್ಕೆ ಹೋಗಿದ್ದೆ. ಊರು ಇನ್ನೂ ಬಂದಿರಲಿಲ್ಲ, ಗಂಧಕದ ಹೊಗೆ ಮೂಗಿಗೆ ಬಂತು. ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಶೆಡ್ಡುಗಳಲ್ಲಿ ಗಂಧಕ ಸುಡುವ ಕಾಲ ಇದು. ವೀರೇಶ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬೈಕು ಜೋರು ಮಾಡಿದ. ನನಗೆ ಆ ಹೊಗೆಯ ಜೊತೆಗೇ ಒಂದು ಪದ್ಯದ ಸಾಲು ಬಾಯಿಗೆ ಬಂತು. ತುಟಿ ಬಿಗಿಹಿಡಿದು ನುಂಗಿಕೊಂಡೆ.

ಮನೆಗೆ ಬಂದರೆ ಅದೇ ಪದ್ಯ ಸೃಷ್ಟಿಯ ಕೈಯಲ್ಲಿತ್ತು. ಕಪಾಟಿನ ಕೆಳಗಿನ ಖಾನೆಯಿಂದ ನನ್ನ ಹಳೆಯ ಪುಸ್ತಕ ಹುಡುಕಿ ತೆಗೆದಿದ್ದಳು. ಕಾಲೇಜಿನಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳು ಬರೆದ ಕವಿತೆಗಳನ್ನು ಓದುವ ಕಾರ್ಯಕ್ರಮವಂತೆ.

"ಆಯಿ, ಇದನ್ನ ಬರದಾರು ಮೊದಲ ನಮ್ಮ ಹಿಂದಿನ ಓಣ್ಯಾಗ ಇದ್ದರಂತ. ನಿನಗ ಗೊತ್ತಿತ್ತೇನ?"

ಒಲೆಯ ಮೇಲಿನ ಹಾಲು ನೋಡುವ ನೆವ ಮಾಡಿ ಎದ್ದು ಹೋದೆ. ಎದುರಿಗೆ ಕೂತು ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ವೀರೇಶ, ಸೃಷ್ಟಿ, ಮೊಮ್ಮಕ್ಕಳಾದ ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ ತೀರಿಕೊಂಡು ನಾನು ಒಂಟಿಯಾದ ಮರುವರ್ಷದ ಮಾತು. ವಿಜಯಪುರದ ಸ್ಟೇಷನ್ ರಸ್ತೆಯ ನಮ್ಮ ಬಟ್ಟೆ ಅಂಗಡಿಯನ್ನು ನಿಮ್ಮಪ್ಪ ನೋಡಿಕೊಳ್ಳಲು ಶುರು ಮಾಡಿದ್ದ. ನಾವು ಅಥಣಿ ರಸ್ತೆಯ ಈ ಮನೆಗೆ ಹೊಸದಾಗಿ ಬಂದಿದ್ದೆವು. ಅಕ್ಕಪಕ್ಕದಲ್ಲಿ ಆಗ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ನಿಮ್ಮಪ್ಪ ಅಂಗಡಿಗೆ, ನಿಮ್ಮವ್ವ ಸುಜಾತಾ ಪಾಠ ಹೇಳಲು ಸಾಲಿಗೆ, ನೀವಿಬ್ಬರೂ ಬಾಲವಾಡಿಗೆ. ನಡುವಿನ ಹೊತ್ತನ್ನು ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಜೈನಾಪುರದ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಆಮೇಲೆ ಓದಿದ್ದೆಲ್ಲ ಪೊಟ್ಟಣದ ಕಾಗದ. ಶೇಂಗಾ, ಪುಠಾಣಿ ಏನೇ ತಂದರೂ ಡಬ್ಬಿಗೆ ಸುರಿದು ಕಾಗದವನ್ನು ಬಿಡಿಸಿ ಓದುವುದು ನನ್ನ ಚಾಳಿ.

ಒಂದು ದಿನ ಕಿರಾಣಿ ಅಂಗಡಿಯ ಮುಂದೆ ಹಾಗೆಯೇ ನಿಂತು ಓದುತ್ತಿದ್ದೆ.

"ಏನ ಬಂದೈತ್ರಿ ಅದರಾಗ ಅಂಥಾದ್ದು?" ಎಂದು ಯಾರೋ ಬೆನ್ನ ಹಿಂದಿನಿಂದ ಕೇಳಿದರು.

ನಾಚಿಕೆಯಾಗಿ, "ಕಥಿರಿ. ಅರ್ಧಾನ ಐತಿ" ಎಂದೆ.

"ಪೂರಾ ಇದ್ದದ್ದು ನಮ್ಮ ಮನ್ಯಾಗ ಐತಿ, ಬರ್ರಿ."

ಅವರೇ ವಿಮಲಾ ಅಕ್ಕೋರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಕವಿತೆ ಬರೆಯುತ್ತಿದ್ದರು. ಗುರುವಾರ ಮಧ್ಯಾಹ್ನ ಓಣಿಯ ಹೆಂಗಸರು ಅವರ ಮನೆಯಲ್ಲಿ ಸೇರಿ, ನಮ್ಮ ಕಡೆಯ ಹೆಣ್ಣುಮಕ್ಕಳು ಈಗ ಬರೆಯುತ್ತಿರುವ ಕಥೆ, ಕವಿತೆಗಳನ್ನು ಒಬ್ಬರಾದ ಮೇಲೊಬ್ಬರು ಓದುತ್ತಿದ್ದರು. ನಾನು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕೂತೆ. ಕವಿತೆ ಎಂದರೆ ಚಂದ್ರ, ಕೋಗಿಲೆ ಎಂದು ಸಾಲಿಯಲ್ಲಿ ಕಲಿತವಳಿಗೆ ಅಲ್ಲಿ ಕೇಳಿದ್ದು ಬೇರೆಯೇ ಆಗಿತ್ತು. ಒಂದು ಪದ್ಯದಲ್ಲಿ ತಾಯಿ ಮಗಳಿಗೆ ಫೋನು ಮಾಡಿ, ಸುತ್ತ ಜನ ನಿಂತಿದ್ದಾರೆಂದು "ಉಂಡ್ಯೇನ" ಎಂಬುದೊಂದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ಮಗಳು ಪ್ರತಿ ಸಲವೂ ಬೇರೆ ಬೇರೆ ಉತ್ತರ ಕೊಡುತ್ತಾಳೆ. ಪದ್ಯ ಅಷ್ಟೇ. ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ.

"ಇದರ ಅರ್ಥ ಏನಂತ ಕೇಳಬ್ಯಾಡ್ರಿ ಕಾಶಿಬಾಯಿ. ಯಾರು ಮಾತಾಡಾಕತ್ತಾರ, ಯಾರ ಮುಂದ ಮಾತಾಡಾಕತ್ತಾರ, ಅದಷ್ಟ ನೋಡ್ರಿ. ಅರ್ಥ ತಾನ ಬಂದು ಕುಂದರತೈತಿ" ಎನ್ನುತ್ತಿದ್ದರು ಅಕ್ಕೋರು. ಯಾವ ಕವಿತೆಯನ್ನಾದರೂ ನಾನು ಇವತ್ತಿಗೂ ಓದುವುದು ಅವರು ಕಲಿಸಿದ ಹಾಗೆಯೇ. ಅದನ್ನು ಇಲ್ಲವೆನ್ನಲಾರೆ.

ಅವರ ಒಂದು ಪದ್ಯ ಉಡಿಯ ಮೇಲಿತ್ತು. ಮನೆಗೆ ಬಂದ ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಯ ಖಣ ಹಾಕಿ ಕಳಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗಂಡ ಇಲ್ಲದವಳಿಗೆ ಉಡಿ ಇಲ್ಲ, ಅದೂ ಎಲ್ಲರಿಗೂ ಗೊತ್ತು. ಅಕ್ಕೋರು ಬರೆದಿದ್ದರು:

ಉಡಿಯೆಂದರೆ ಹಿಡಿ ಅಕ್ಕಿಯಲ್ಲ,
ಒಡ್ಡಿದ ಸೆರಗು ಬರಿದಾಗಿ ಹೋಗದಿರಲೆಂಬ ಮಾತು.
ಹಣೆ ನೋಡಿ ಅಳೆಯಬೇಡ, ತಂಗಿ,
ಹೊಲ ಎಂದಾದರೂ ಕೇಳಿದೆಯೇ
ಬಿತ್ತಿದವಳ ಹಣೆಯ ಬಣ್ಣ?

ಅದನ್ನು ಕೇಳಿದ ದಿನ ಎಲ್ಲರೂ ಹೋದ ಮೇಲೂ ನಾನು ಕೂತೇ ಇದ್ದೆ. ಯಾರಿಗೂ ಹೇಳದ ಒಂದು ಮಾತನ್ನು ಅಕ್ಕೋರಿಗೆ ಹೇಳಿದೆ. ನಿಮ್ಮ ಅತ್ತೆ ಶೋಭಾಳ ಸೀಮಂತದ ಕುಬಸ, ನಿಮ್ಮ ಮುತ್ಯಾ ತೀರಿದ ವರ್ಷವೇ ಆಗಿತ್ತು. ಹೆತ್ತ ಮಗಳು ಹಸಿರು ಸೀರೆ ಉಟ್ಟು ಬಸುರಿ ಹೊಟ್ಟೆ ಹೊತ್ತು ಮಣೆಯ ಮೇಲೆ ಕೂತಿದ್ದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಯಾರೂ ನಿಲ್ಲು ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಶೋಭಾ ಎರಡು ಸಲ ಆ ಕಡೆ ತಿರುಗಿ ನೋಡಿದ್ದಳು. ಇಷ್ಟನ್ನು ಹೇಳಿದೆ. ಅಕ್ಕೋರು ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

"ನಾ ಇದ್ದಿದ್ರ ನಿಮ್ಮನ್ನ ಕೈ ಹಿಡದು ಕರಕೊಂಡು ಬಂದು ಕುಂದರಸ್ತಿದ್ನಿ" ಎಂದರು.

ಆ ಮಾತನ್ನು ನಾನು ಇಡಿಯಾಗಿ ನಂಬಿದೆ.

ಬಿಸಿಲು ಏರತೊಡಗಿತು. ತಿಕೋಟಾದಿಂದ ಮೈದುನನ ಹೆಂಡತಿ ಗೌರಿಯ ಫೋನು ಬಂತು. ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ಶೆಡ್ಡಿನ ಬಲೆಗಳ ಮೇಲೆ ಹಣ್ಣು ಒಣಗಿ ಇಳಿಯುತ್ತಿತ್ತು, ಆರಿಸಲು ಕೈ ಸಾಲದು. "ಬಾ ಅಕ್ಕಾ, ಕೈಗೂ ಆತು, ಬಾಯಿಗೂ ಆತು" ಎಂದಳು. ಅಕ್ಕೋರು ಕೊಟ್ಟ ಪುಸ್ತಕಗಳನ್ನೂ ಹಾಳೆಯಲ್ಲಿ ಬರೆದುಕೊಂಡ ಉಡಿಯ ಪದ್ಯವನ್ನೂ ಸೀರೆಗಳ ನಡುವೆ ಇಟ್ಟುಕೊಂಡು ಹೋದೆ.

ತಾಡಪತ್ರಿಯ ಮೇಲೆ ಒಣದ್ರಾಕ್ಷಿಯ ರಾಶಿ, ಸುತ್ತ ಕೂತ ಹೆಂಗಸರು. ಕಡ್ಡಿ ಮುರಿಯಬೇಕು, ಕಪ್ಪಾದದ್ದನ್ನು ಬೇರೆ ಮಾಡಬೇಕು. ತಗಡಿನ ಕೆಳಗೆ ಕಾವು, ಬಟ್ಟೆಗೆಲ್ಲ ಗಂಧಕದ ವಾಸನೆ, ಬೆರಳಿಗೆ ಅಂಟು. ಊಟದ ಹೊತ್ತಿನಲ್ಲಿ ಕಂಬಕ್ಕೆ ಒರಗಿ ಪುಸ್ತಕ ತೆಗೆದರೆ ಗೌರಿ ಕಂಡುಬಿಟ್ಟಳು.

"ಏನಕ್ಕಾ ಅದು, ಪುರಾಣೇನ?"

"ಕಥಿ ಪುಸ್ತಕ. ನಮ್ಮಂಥಾ ಹೆಂಗಸರು ಬರದದ್ದು."

"ಗಟ್ಟ್ಯಾಗಿ ಓದು ಹಂಗಾರ. ಮೊಬೈಲ್ ಹಾಡ ಕೇಳಿ ಕೇಳಿ ಕಿವಿ ಹ್ವಾದುವು."

ನಾಲ್ಕು ಜನರೆದುರು ಧ್ವನಿ ಎತ್ತಿ ಮಾತಾಡಿದವಳಲ್ಲ ನಾನು. ಪುಸ್ತಕದಿಂದ ಮುಖ ಮುಚ್ಚಿಕೊಂಡು ಶುರು ಮಾಡಿದೆ. ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಹೊರಟ ಕಥೆ. ಬಸ್ ಸ್ಟ್ಯಾಂಡಿನವರೆಗೆ ಬಂದವಳಿಗೆ ಹಾಲಿಗೆ ಹೆಪ್ಪು ಹಾಕಿಲ್ಲವೆಂದು ನೆನಪಾಗುತ್ತದೆ. ತಿರುಗಿ ಹೋಗಿ ಹೆಪ್ಪು ಹಾಕುತ್ತಾಳೆ. ಕಥೆ ಅಲ್ಲಿಗೇ ಮುಗಿಯುತ್ತದೆ.

"ಮುಂದ?" ಎಂದರು ಎಲ್ಲರೂ.

"ಮುಂದ ಇಲ್ಲ. ಇಷ್ಟ."

"ಇದೇನ ಕಥಿ ಬೇ, ಬಸ್ ಹತ್ತಿದಳೋ ಇಲ್ಲೋ?" ಮುದುಕಿ ಸಂಗವ್ವನಿಗೆ ಸಿಟ್ಟೇ ಬಂತು.

"ಹೆಪ್ಪ ಹಾಕಿ ಮುಂದಿನ ಬಸ್ಸಿಗೆ ಹೋಗಿರ್ತಾಳ" ಎಂದಳು ಮಾದೇವಿ. ಇವಳು ನನಗಿಂತ ಎಷ್ಟೋ ಚಿಕ್ಕವಳು, ನನಗಿಂತ ಮೊದಲೇ ಗಂಡನನ್ನು ಕಳೆದುಕೊಂಡವಳು. ಬಾಯಿ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ.

"ಹೋಗಂಗಿಲ್ಲ. ಹೆಪ್ಪ ಹಾಕಿದಾಕಿ ಮುಂಜಾನೆದ್ದು ಮಜ್ಜಿಗಿ ಮಾಡಬೇಕಲ್ಲ" ಎಂದಳು ಸಂಗವ್ವ.

"ನೀ ಹಿಂಗ ಮಜ್ಜಿಗಿ ಮಾಡಕೋತನ ಮುದುಕಿ ಆದಿ ನೋಡು."

ಎರಡು ದಿನ ಇದೇ ಜಗಳ ನಡೆಯಿತು. ಮೂರನೆಯ ದಿನ ನಾನು ಆರಿಸಲು ಕೂತರೆ ಮಾದೇವಿ ನನ್ನ ಮುಂದಿನ ರಾಶಿಯನ್ನು ತನ್ನ ಕಡೆ ಎಳೆದುಕೊಂಡಳು. "ನೀವು ಓದ್ರಿ ಯಕ್ಕಾರ. ನಿಮ್ಮ ಪಾಲಿಂದು ನಾವ ಆರಸ್ತೀವಿ." ನಿಮ್ಮ ಮುತ್ಯಾ ಹೋದ ಮೇಲೆ ನನ್ನ ಒಳಗೆ ಏನೋ ಮತ್ತೆ ಹಗುರಾದದ್ದು ಆ ಶೆಡ್ಡಿನಲ್ಲಿ, ಆ ಸೆಖೆಯಲ್ಲಿ.

ಉಡಿಯ ಪದ್ಯ ಓದಿದ ದಿನ ಯಾರೂ ಜಗಳ ಮಾಡಲಿಲ್ಲ. ಕಡ್ಡಿ ಮುರಿಯುತ್ತಲೇ ಮಾದೇವಿ ತಲೆ ಎತ್ತದೆ ಕೇಳಿದಳು.

"ಚಲೋ ಬರದಾಳ. ಆದ್ರ ಆಕೀ ಮನಿಗೆ ನಾ ಹೋದ್ರ ಉಡಿ ತುಂಬತಾಳೇನು?"

"ತುಂಬತಾರ" ಎಂದೆ.

"ನೀವು ಕಂಡೀರೇನು?"

"ಕಾಣೂದೇನೈತಿ ಮಾದೇವಿ? ಬರದಾರಲ್ಲ."

ಎಲ್ಲರೂ ಕೊಳ್ಳೆಂದು ನಕ್ಕರು. ಆವತ್ತಿನಿಂದ, ಖಾತ್ರಿ ಇಲ್ಲದ್ದಕ್ಕೆಲ್ಲ 'ಬರದಾರಲ್ಲ' ಎಂಬುದು ಶೆಡ್ಡಿನ ಮಾತಾಯಿತು. ನಾಳೆ ಖಂಡಿತ ಬರುತ್ತೀಯಾ ಎಂದರೆ "ಬರದಾರಲ್ಲ" ಎನ್ನುವಳು ಒಬ್ಬಳು. ಚಹದಲ್ಲಿ ಸಕ್ಕರೆ ಇದೆಯೇ ಎಂದರೆ "ಬರದಾರಲ್ಲ" ಎನ್ನುವಳು ಇನ್ನೊಬ್ಬಳು. ನಾನೂ ನಗುತ್ತಿದ್ದೆ.

ಅಕ್ಕೋರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಒಂದು ಮಧ್ಯಾಹ್ನ ಶೆಡ್ಡಿಗೇ ಬಂದರು. ತಾಡಪತ್ರಿಯ ಮೇಲೆ ನಮ್ಮ ಜೊತೆ ಕೂತರು, ಕಡ್ಡಿ ಮುರಿದರು, ಬೆರಳ ಅಂಟು ನೆಕ್ಕಿ ನಕ್ಕರು. ನಾನು ಓದುವಾಗ ಕಣ್ಣು ಮುಚ್ಚಿ ಕೇಳಿದರು. ಹೋಗುವ ಮೊದಲು ನನ್ನನ್ನು ಬದಿಗೆ ಕರೆದರು. ಬಬಲೇಶ್ವರದಲ್ಲಿ ಅವರ ಮಗ ಹೊಸ ಮನೆ ಕಟ್ಟಿಸಿದ್ದ. ವಾಸ್ತುಶಾಂತಿಯ ದಿನವೇ ಮನೆಯ ಮುಂದಿನ ಮಂಟಪದಲ್ಲಿ ಅವರ ಕವಿತೆಗಳ ಪುಸ್ತಕದ ಬಿಡುಗಡೆ.

"ಉಡಿ ಪದ್ಯ ಅವತ್ತ ನಿಮ್ಮ ಬಾಯಾಗ ಕೇಳಬೇಕು ಕಾಶಿಬಾಯಿ. ನೀವ ಓದಬೇಕು."

ನಾನು ಒಲ್ಲೆನೆಂದೆ. ಅವರು ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಬಿಡದಿರಲಿ ಎಂದೇ ನನಗೂ ಇತ್ತು.

ಗೌರಿಯೂ ನಾನೂ ಟೆಂಪೋದಲ್ಲಿ ಬಬಲೇಶ್ವರಕ್ಕೆ ಹೋದೆವು. ಸುಜಾತಾ ವಿಜಯಪುರದಿಂದ ಹೊಸ ಇಳಕಲ್ ಸೀರೆ ಕಳಿಸಿದ್ದಳು. ಮಂಟಪದ ತುಂಬ ಜನ. ನನ್ನ ಹೆಸರು ಕರೆದಾಗ ಸೆರಗು ಸರಿಮಾಡಿಕೊಂಡು ಎದ್ದು ಹೋದೆ. ಮೈಕು ಬಾಯಿಗೆ ಬಹಳ ಹತ್ತಿರವಾಗಿ ನನ್ನ ಉಸಿರೇ ದೊಡ್ಡದಾಗಿ ಕೇಳಿತು. ಪುಸ್ತಕ ಕೈಯಲ್ಲಿದ್ದರೂ ನೋಡದೆ ಹೇಳಿದೆ. "ತಂಗಿ" ಎನ್ನುವಲ್ಲಿ ಅಕ್ಕೋರು ಕಣ್ಣೊರೆಸಿಕೊಂಡದ್ದು ಕಂಡಿತು. ಮುಗಿದಾಗ ಚಪ್ಪಾಳೆ. ಜನ ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ.

ಕಾರ್ಯಕ್ರಮ ಮುಗಿದ ಮೇಲೆ ಹೆಂಗಸರೆಲ್ಲ ಒಳಗೆ ನಡೆದೆವು. "ಎಲ್ಲಾರೂ ಸಾಲಾಗಿ ಕುಂದರ್ರಿ, ಉಡಿ ತಗೊಂಡ ಊಟಕ್ಕ ಏಳ್ರಿ" ಎಂದು ಅವರ ಸೊಸೆ ಕೂಗಿ ಹೇಳಿದಳು. ಗೌರಿ ಕೂತಳು. ಅವಳ ಪಕ್ಕದಲ್ಲಿ ನಾನೂ ಕೂತೆ. ಗೌರಿ ನನ್ನ ಮುಖ ನೋಡಿ, ಸರಿದು ಜಾಗ ಕೊಟ್ಟಳು. ಬೇರೆ ದಿನವಾಗಿದ್ದರೆ ನನ್ನ ಕಾಲುಗಳು ತಾವಾಗಿಯೇ ಅಡುಗೆಮನೆಯ ಕಡೆ ನಡೆಯುತ್ತಿದ್ದವು. ಆವತ್ತು ಆ ಪದ್ಯ ಬರೆದವರ ಮನೆಯಲ್ಲಿದ್ದೆ. ಅದನ್ನು ಈಗಷ್ಟೇ ನನ್ನ ಬಾಯಿಂದ ಹೇಳಿ ಬಂದಿದ್ದೆ.

ಅಕ್ಕೋರೇ ಮೊರ ಹಿಡಿದು ಸಾಲಿನಲ್ಲಿ ಬರುತ್ತಿದ್ದರು. ಬಿದಿರಿನ ಮೊರದ ತುಂಬ ಅಕ್ಕಿ, ಮೇಲೆ ಕೊಬ್ಬರಿ ಬಟ್ಟಲುಗಳು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಅವರ ಅತ್ತೆ ಕೂತಿದ್ದರು. ಬಹಳ ವಯಸ್ಸಾದವರು, ಕಣ್ಣು ಮಾತ್ರ ಚುರುಕು. ಒಬ್ಬೊಬ್ಬರ ಸೆರಗಿಗೂ ಅಕ್ಕಿ ಬೀಳುವ ಸಪ್ಪಳ ಹತ್ತಿರ ಹತ್ತಿರ ಬಂತು. ನಾನು ಎರಡೂ ಕೈಯಿಂದ ಸೆರಗು ಒಡ್ಡಿದೆ.

ಅಕ್ಕೋರು ಮೊರ ಕೆಳಗಿಟ್ಟರು, ಅವರ ಬೊಗಸೆ ಮೇಲೆ ಬಂತು. ಅದರಲ್ಲಿ ಅಕ್ಕಿ ಇತ್ತು. ಅವರು ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಬೊಗಸೆ ನನ್ನ ಸೆರಗಿನ ಮೇಲಿಂದ ದಾಟಿ ಪಕ್ಕಕ್ಕೆ ಹೋಯಿತು.

"ಗೌರವ್ವ, ಸೆರಗ ಹಿಡೀರಿ" ಎಂದರು.

ನಮ್ಮಿಬ್ಬರ ನಡುವೆ ನೆಲಕ್ಕೆ ಒಂದಿಷ್ಟು ಅಕ್ಕಿಕಾಳು ಉದುರಿದವು. ಒಡ್ಡಿದ ಸೆರಗನ್ನು ಹಿಂದಕ್ಕೆ ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಸೆರಗಿನಿಂದಲೇ ಮುಖದ ಬೆವರು ಒರೆಸಿಕೊಂಡಂತೆ ಮಾಡಿದೆ.

ಊಟಕ್ಕೆ ಕೂರಲಾರದೆ ಹಿತ್ತಲಿಗೆ ಬಂದು ನಿಂತೆ. ಅಕ್ಕೋರು ಒಂದು ಚೀಲ ಹಿಡಿದುಕೊಂಡು ಬಂದರು. ಒಳಗೆ ಸೀರೆ ಇತ್ತು.

"ತಪ್ಪ ತಿಳಕೋಬ್ಯಾಡ್ರಿ ಕಾಶಿಬಾಯಿ. ಹೊಸಾ ಮನಿ, ಮಗಂದು. ಅತ್ತಿಯವರು ಕುಂತಿದ್ರು, ಬೀಗರು ಕುಂತಿದ್ರು. ನೀವು ತಿಳದಾರು ಅದೀರಿ."

ನಾನು ಚೀಲಕ್ಕೆ ಕೈ ಚಾಚಲಿಲ್ಲ.

"ಕವಿತಾ ಬ್ಯಾರೆ, ಮನಿ ಬ್ಯಾರೆ. ಬರಿಯೂದು ಅಂದ್ರ..." ಎಂದು ಶುರು ಮಾಡಿದರು. ಒಳಗಿನಿಂದ ಯಾರೋ ಕರೆದರು. ಚೀಲವನ್ನು ನನ್ನ ಕಾಲ ಬಳಿ ಇಟ್ಟು ಹೋದರು.

ಆ ಚೀಲವನ್ನು ಹಿತ್ತಲ ಕಟ್ಟೆಯ ಮೇಲೆ ಬಿಟ್ಟು ಬಂದೆ. ಅವರ ಹೊಸ ಪುಸ್ತಕ ಮಾತ್ರ ನನ್ನ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಬರಬೇಕೆಂದು ಹೊಳೆಯಲೇ ಇಲ್ಲ. ಟೆಂಪೋದಲ್ಲಿ ಗೌರಿ ಉಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಿಕೋಟಾ ಬರುವವರೆಗೂ ಅದನ್ನು ಬಿಚ್ಚಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

ಮರುದಿನ ಗೌರಿ ಶೆಡ್ಡಿಗೆ ರೊಟ್ಟಿಯ ಜೊತೆ ಒಂದು ದೊಡ್ಡ ಪಾತ್ರೆ ತಂದಳು. ಮುಚ್ಚಳ ತೆಗೆದರೆ ಅನ್ನ, ಕೊಬ್ಬರಿ ತುರಿದು ಹಾಕಿದ್ದಳು.

"ಇವತ್ತೇನ ಅನ್ನ?" ಎಂದಳು ಮಾದೇವಿ. "ಉಡಿ ಅಕ್ಕೀದೇನು?"

"ಹೂಂ."

"ಯಾರ ಉಡೀದು?"

ಗೌರಿ ಎಲ್ಲರಿಗೂ ಬಡಿಸುತ್ತ, "ಇಬ್ಬರದೂ" ಎಂದಳು.

ಮಾದೇವಿ ನನ್ನನ್ನು ನೋಡಿದಳು. ನನಗೆ ಮುಖ ಎತ್ತಲಾಗಲಿಲ್ಲ. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು, ನಿಧಾನಕ್ಕೆ ಅಗಿದು, "ಬರದಾರಲ್ಲ" ಎಂದಳು. ಆವತ್ತು ಯಾರೂ ನಗಲಿಲ್ಲ.

ಆ ಸುಗ್ಗಿಯಲ್ಲಿ ನಾನು ಮತ್ತೆ ಓದಲಿಲ್ಲ. ನನ್ನ ಪಾಲಿನ ರಾಶಿಯನ್ನು ನಾನೇ ಆರಿಸಿದೆ. ಸಂಗವ್ವ ಒಮ್ಮೆ, "ಆ ಹೆಪ್ಪ ಹಾಕಿದಾಕಿ ಕಥಿನರ ಓದ ಬೇ" ಎಂದು ಕೇಳಿದಳು. ಕನ್ನಡಕ ಮರೆತು ಬಂದೆನೆಂದು ಹೇಳಿದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅವಳು ಮತ್ತೆ ಕೇಳಲಿಲ್ಲ.

ವಿಜಯಪುರಕ್ಕೆ ಬಂದ ಮೇಲೆ ಗುರುವಾರಗಳಿಗೆ ಮೊಣಕಾಲು ನೋವಿನ ಕಾರಣ ಕೊಟ್ಟೆ. ಅಕ್ಕೋರು ಒಂದೆರಡು ಸಲ ಹೇಳಿ ಕಳಿಸಿದರು. ಒಮ್ಮೆ ನಮ್ಮ ಗೇಟಿನವರೆಗೂ ಬಂದರು. ನಾನು ಒಳಗಿದ್ದೂ ಇಲ್ಲವೆಂದು ಸುಜಾತಾಳಿಂದ ಹೇಳಿಸಿದೆ. ಮುಂದೆ ಅವರು ಮಗನ ಮನೆಗೆ, ಬಬಲೇಶ್ವರಕ್ಕೇ ಹೋದರು. ಶಾಲು ಹೊದ್ದ ಅವರ ಫೋಟೋ ಪತ್ರಿಕೆಯಲ್ಲಿ ಆಗಾಗ ಬರುತ್ತಿತ್ತು. ಕೆಳಗೆ ಉಡಿಯ ಪದ್ಯದ ಸಾಲುಗಳೂ ಇರುತ್ತಿದ್ದವು.

ಅತ್ತೆಯೆದುರು ಅವರು ಹೆದರಿದರು, ಅದು ನನಗೆ ತಿಳಿಯುತ್ತದೆ. ಹೆದರುವುದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಮಗಳ ಕುಬಸದ ದಿನ ಬಾಗಿಲ ಹಿಂದೆ ನಿಂತದ್ದೂ ಹೆದರಿಕೆಯಿಂದಲೇ. ಆದರೆ ಆ ಬಾಗಿಲ ಹಿಂದಿನಿಂದ ನನ್ನನ್ನು ಹೊರಗೆ ಕರೆದವರು ಅವರು. ಕರೆದು, ಸಾಲಿನಲ್ಲಿ ಕೂರುವ ಧೈರ್ಯ ತುಂಬಿ, ಎಲ್ಲರೂ ನೋಡುತ್ತಿದ್ದಾಗ ದಾಟಿ ಹೋದರು. ಪದ್ಯ ಕೆಟ್ಟದ್ದಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಅದು ಒಳ್ಳೆಯ ಪದ್ಯ. ನನ್ನ ಸಿಟ್ಟು ಇಷ್ಟು ವರ್ಷ ಉಳಿದದ್ದೂ ಅದಕ್ಕೇ. ಆಮೇಲೆ ಬಹಳ ದಿನ ಯಾವ ಹೆಣ್ಣುಮಗಳ ಕವಿತೆ ಓದಿದರೂ, ಇವಳ ಮನೆಯ ಸಾಲಿನಲ್ಲಿ ಕೂತರೆ ಏನಾಗುತ್ತಿತ್ತೋ ಎಂದೇ ಮೊದಲು ಅನ್ನಿಸುತ್ತಿತ್ತು. ಆ ಅನುಮಾನ ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಓದುವುದನ್ನಂತೂ ಬಿಟ್ಟಿಲ್ಲ. ನೀವು ಗ್ರಂಥಾಲಯದಿಂದ ತಂದುಕೊಡುವ ಕಥೆಗಳಲ್ಲಿ ಹೆಂಗಸರು ಈಗ ತಿರುಗಿ ನೋಡದೆ ಬಸ್ಸು ಹತ್ತುತ್ತಾರೆ. ಸಂಗವ್ವ ಇದ್ದಿದ್ದರೆ ಅವರೊಂದಿಗೂ ಜಗಳ ಮಾಡುತ್ತಿದ್ದಳು.

ಸೃಷ್ಟಿ, ಕಾಲೇಜಿನಲ್ಲಿ ಆ ಪದ್ಯವನ್ನೇ ಓದು, ಬದಲಿಸಬೇಡ. "ತಂಗಿ" ಎನ್ನುವಲ್ಲಿ ಅವಸರ ಮಾಡಬೇಡ, ಅಲ್ಲಿ ಒಂದು ಉಸಿರು ಬೇಕು. ಬರೆದವರ ಹೆಸರನ್ನೂ ಸರಿಯಾಗಿ ಹೇಳು. ಕೇಳಲು ನಾನು ಬರುವುದಿಲ್ಲ, ಒತ್ತಾಯ ಮಾಡಬೇಡ.

ಮುಂದೊಂದು ದಿನ ವೀರೇಶನಿಗೆ ಮದುವೆಯಾಗುತ್ತದೆ, ಅವನ ಹೆಂಡತಿಯ ಕುಬಸ ಈ ಮನೆಯಲ್ಲೇ ಆಗುತ್ತದೆ. ಜೀವ ಇದ್ದರೆ ಆವತ್ತು ನಾನು ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ, ಹೆಂಗಸರ ಸಾಲಿನಲ್ಲೇ ಕೂರುತ್ತೇನೆ. ಸೆರಗು ಮಾತ್ರ ಒಡ್ಡುವುದಿಲ್ಲ. ಅದು ಇನ್ನು ನನ್ನಿಂದ ಆಗುವುದಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತೇನೆ. ಮೊರ ಹಿಡಿದು ಸಾಲಿನಲ್ಲಿ ಬರುವವಳು ನೀನು, ಸೃಷ್ಟಿ.